ಮಂಗಳೂರಿನ ಒಂದು ಬಿಡುಗಡೆ ಪತ್ರ

ಕುಲಶೇಖರ ಎಂದೊಡನೆ ಮೂಡುಬಿದಿರೆ ರಸ್ತೆ, ಇಗರ್ಜಿಯ ಗಂಟೆ ನೆನಪಾಗುವುದು ಸಹಜ. ಆದರೆ ಇದು ಅಳುಪ ಅರಸರಲ್ಲೂ ಇದ್ದ ಹೆಸರು. ಆ ಅಳುಪರ ಕಾಲದಲ್ಲೇ, 12ನೇ ಶತಮಾನದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲಸಿದ್ದ. ಟ್ಯುನಿಷಿಯಾದ ಮಹ್ದಿಯಾ ಅವನ ಹುಟ್ಟೂರು. ಕರಿಮೆಣಸು, ಏಲಕ್ಕಿ, ಅಡಿಕೆಯನ್ನು ಏಡನ್ನಿಗೆ ಕಳುಹಿಸುವುದು, ಅಲ್ಲಿಂದ ಬಂದ ಹಳೆಯ ತಾಮ್ರದ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುವುದು ಅವನ ವ್ಯವಹಾರ.

ಯಹೂದಿಗಳ ಪೂರ್ವಜರಾದ ಇಸ್ರಾಯೇಲ್ಯರು ಈಜಿಪ್ಟಿನಲ್ಲಿ ಫರೋಹನ ದಾಸರಾಗಿ ಇಟ್ಟಿಗೆ ಮಾಡಿದವರು, ಮೋಶೆ ಅವರನ್ನು ಬಿಡಿಸಿ ತಂದ ಎನ್ನುತ್ತದೆ ವಿಮೋಚನಕಾಂಡ. ಪಸ್ಕ ಹಬ್ಬದ ರಾತ್ರಿ ತಂದೆತಾಯಿ ಮಕ್ಕಳಿಗೆ ಇಂದಿಗೂ ಹೇಳುವ ಕತೆಯಿದು.

1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಒಂದು ಪತ್ರ ಮಾಡಿಕೊಟ್ಟ: ಆಶು ಎಂಬ ತನ್ನ ದಾಸಿ ಇನ್ನು ಸ್ವತಂತ್ರಳು. ಆಕೆಯನ್ನೇ ಮದುವೆಯಾದ ಎಂಬುದು ವಿದ್ವಾಂಸರ ಊಹೆ. ಹಾಗೆಂದು ಅವನನ್ನು ಮೋಶೆಯ ಸಾಲಿಗೆ ಸೇರಿಸುವಂತಿಲ್ಲ. ಬೊಮ್ಮನೆಂಬ ದಾಸ ಅವನ ವ್ಯಾಪಾರಕ್ಕಾಗಿ ಏಡನ್ನಿನ ಹಡಗು ಹತ್ತಿದ್ದ.

ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಎಸೆಯುತ್ತಿರಲಿಲ್ಲ. ಕೈರೋದ ಪ್ರಾರ್ಥನಾಲಯದ ಕೋಣೆಯಲ್ಲಿ ಅವನ ಕಾಗದಗಳೂ ಉಳಿದದ್ದು ಹೀಗೆ. 1149ರಲ್ಲಿ ಮಕ್ಕಳೊಂದಿಗೆ ಅವನು ಏಡನ್ನಿಗೆ ಮರಳಿದಾಗ ಆಶು ಜತೆಗಿದ್ದಳೆ? ಅವಳ ಸುದ್ದಿ ಅವುಗಳಲ್ಲಿ ಇಲ್ಲ.