‘ಆಗಲ್ಲ’ ಅನ್ನುವುದನ್ನು ಕಲಿಸುವವರು
ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ರೇಷ್ಮೆಹುಳು ಮನೆಯಲ್ಲಿದ್ದರೆ ಶಿಡ್ಲಘಟ್ಟದ ಹೆಂಗಸರಿಗೆ ಸೊಪ್ಪು ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ಅದೇ ವಾರ ಚಿಂತಾಮಣಿಯ ನಾದಿನಿ ಫೋನ್ ಮಾಡಿ, ‘ಅತ್ತಿಗೆ, ಸೀಮಂತದ ಅಡುಗೆಗೆ ನೀವೇ ನಿಂತ್ಕೋಬೇಕು’ ಅಂದರೆ, ‘ಆಯ್ತಮ್ಮ’ ಅಂದುಬಿಡುತ್ತಾರೆ. ಗೌರಿಬಿದನೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನಲ್ಲಿ ದುಡಿದು ಬರುವವರೂ ಮೇಲಧಿಕಾರಿಯ ಎದುರು ಹೀಗೆಯೇ. ಇದನ್ನು ಒಳ್ಳೆಯತನವೆಂದು ಹೊಗಳಿ ಹೊಗಳಿ ನಾವು ಎಷ್ಟೋ ಜನರನ್ನು ಬಳಲಿಸಿಬಿಟ್ಟಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ, ಕೆಲಸದ ಒತ್ತಡ ಬಹುಕಾಲ ಹತೋಟಿಗೆ ಸಿಗದೆ ಉಳಿದಾಗ ಬರುವ ಈ ಬಳಲಿಕೆ ಕಾಯಿಲೆಯಲ್ಲ. ಹಾಗೆಂದು ಸೋಮಾರಿತನವೂ ಅಲ್ಲ. ವಾಸ್ತವ ಅರಿತು ಮಾತಾಡುವ ಆಪ್ತಸಲಹೆಗಾರರು ಇಂಥವರಿಗೆ ಉಪದೇಶ ಮಾಡುವುದಿಲ್ಲ. ನಿದ್ದೆ ಹೇಗಿದೆ, ಊಟ ಯಾವಾಗ ಅಂತ ಮೊದಲು ಕೇಳುತ್ತಾರೆ. ಈ ವಾರ ಒಪ್ಪಿಕೊಂಡ ಕೆಲಸಗಳಲ್ಲಿ ಪ್ರೀತಿಯಿಂದ ಒಪ್ಪಿದ್ದು ಯಾವುದು, ಹೆದರಿಕೆಯಿಂದ ಒಪ್ಪಿದ್ದು ಯಾವುದು ಅಂತ ಬರೆಸುತ್ತಾರೆ. ‘ಅತ್ತೆಗೇ ಎದುರಾಡಿ’ ಅನ್ನದೆ, ಚಿಕ್ಕ ವಿಷಯಕ್ಕೆ ‘ಯೋಚಿಸಿ ನಾಳೆ ಹೇಳ್ತೀನಿ’ ಅನ್ನುವುದರಿಂದ ಶುರುಮಾಡಿಸುತ್ತಾರೆ. ಆ ಒಂದು ರಾತ್ರಿಯ ಬಿಡುವೇ ದೊಡ್ಡದು. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಪುಸ್ತಕಗಳನ್ನು ಬರೆದು, ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಉಚಿತ ಸಲಹೆ ನೀಡಿ ಈ ದಾರಿಯನ್ನು ಹದಮಾಡಿದವರು. 2024ರ ಪದ್ಮಶ್ರೀ ಅವರಿಗೆ ಸಂದದ್ದು ನ್ಯಾಯವೇ. ಬೆಂಗಳೂರು ದೂರ ಅನ್ನುವವರು 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.