ಮೊದಲು ಸುತ್ತೋಲೆ, ಬೆನ್ನಿಗೇ ತಡೆಯಾಜ್ಞೆ

ಕರ್ನಾಟಕದಲ್ಲಿ ಖಾಸಗಿ ಶಾಲೆ ನಡೆಸುವವರಿಗೆ, ಕೋವಿಡ್ ಕಾಲದ 2020ರ ಜೂನ್ ತಿಂಗಳು ಸುಲಭವಾಗಿ ಮರೆಯುವಂಥದ್ದಲ್ಲ. 15ರಂದು ಹೊರಟ ಸರ್ಕಾರಿ ಆದೇಶ, ಚಿಕ್ಕ ತರಗತಿಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದಿತು. 27ರ ಆದೇಶ, ಇಂತಿಷ್ಟು ಹೊತ್ತು ನಡೆಸಬಹುದು ಎಂದು ಮಿತಿ ಹಾಕಿತು. ಜುಲೈ 8ರಂದು ಹೈಕೋರ್ಟ್ ಎರಡಕ್ಕೂ ತಡೆ ಕೊಟ್ಟಿತು. ಜೀವಿಸುವ ಹಕ್ಕಿಗೂ ಶಿಕ್ಷಣದ ಹಕ್ಕಿಗೂ ಇವು ಮೇಲ್ನೋಟಕ್ಕೇ ಧಕ್ಕೆ ತರುತ್ತವೆ ಎಂಬುದು ನ್ಯಾಯಪೀಠದ ಅಭಿಪ್ರಾಯ. ಎಳೆಯ ಮಕ್ಕಳನ್ನು ಗಂಟೆಗಟ್ಟಲೆ ಮೊಬೈಲ್ ಮುಂದೆ ಕೂರಿಸಬಾರದೆಂಬ ಸರ್ಕಾರದ ಕಾಳಜಿಯನ್ನು ಯಾರೂ ತಪ್ಪೆನ್ನಲಾರರು. ಆದರೆ ತಿಂಗಳು ತುಂಬುವುದರೊಳಗೆ ನಿಯಮ ಮೂರು ಸಲ ಬದಲಾದರೆ, ಮುಖ್ಯೋಪಾಧ್ಯಾಯರು ಪೋಷಕರಿಗೆ ಯಾವುದನ್ನು ತೋರಿಸಬೇಕು?

ಕಾರ್ಖಾನೆಗಳ ಕಥೆಯೂ ಹೀಗೇ ನಡೆಯಿತು. ಅದೇ ವರ್ಷ ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳ ಕಾಯ್ದೆಯ 5ನೇ ಸೆಕ್ಷನ್ ಬಳಸಿ ದುಡಿಮೆಯ ಮಿತಿಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿತು. ಆ ಸೆಕ್ಷನ್ ಇರುವುದೇ ಯುದ್ಧ, ಹೊರಗಿನ ಆಕ್ರಮಣ ಅಥವಾ ಒಳಗಿನ ಗಲಭೆಯಿಂದ ದೇಶದ ಭದ್ರತೆಗೆ ಕುತ್ತು ಬಂದ ಕಾಲಕ್ಕೆ. ಸೋಂಕು ಇದರಲ್ಲಿ ಯಾವುದು ಎಂದು ಹೈಕೋರ್ಟ್‌ನಲ್ಲಿ ಪ್ರಶ್ನೆ ಎದ್ದಾಗ, ಜೂನ್ 11ರಂದು ಅಧಿಸೂಚನೆ ವಾಪಸಾಯಿತು. ಗುಜರಾತ್ ಸರ್ಕಾರ ಹೊರಡಿಸಿದ್ದ ಇಂಥದ್ದೇ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್ 1ರಂದು ರದ್ದು ಮಾಡಿತು.

ಕೇಂದ್ರವೂ ಇದಕ್ಕೆ ಹೊರತಲ್ಲ. ಲಾಕ್‌ಡೌನ್ ಶುರುವಾದ ನಾಲ್ಕೇ ದಿನಕ್ಕೆ, 2020ರ ಮಾರ್ಚ್ 29ರಂದು, ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಹೊರಡಿಸಿ, ಬಾಗಿಲು ಮುಚ್ಚಿದ್ದರೂ ಪೂರ್ತಿ ಸಂಬಳ ಕೊಡಬೇಕೆಂದು ಮಾಲೀಕರಿಗೆ ಹೇಳಿತು. ಕಾರ್ಮಿಕರ ಹೊಟ್ಟೆಪಾಡಿನ ದೃಷ್ಟಿಯಿಂದ ಬೇಕಾಗಿದ್ದ ಆದೇಶವೇ. ಆದರೆ ಆ ದುಡ್ಡು ಎಲ್ಲಿಂದ ಬರಬೇಕು ಎಂಬ ಬಗ್ಗೆ ಅದರಲ್ಲಿ ಚಕಾರವಿರಲಿಲ್ಲ. ಮೇ 18ರಿಂದ ಆದೇಶವೇ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಆ 50 ದಿನಗಳ ಸಂಬಳವನ್ನು ಮಾಲೀಕರು, ಕಾರ್ಮಿಕರು ಮಾತಾಡಿಕೊಂಡು ಇತ್ಯರ್ಥ ಮಾಡಿಕೊಳ್ಳಲಿ ಎಂದಿತು. ಸಂಘ ಗಟ್ಟಿಯಿದ್ದ ಕಡೆ ಮಾತುಕತೆಗೆ ಅರ್ಥವಿತ್ತು. ಮಸ್ಟರ್ ರೋಲ್‌ನಲ್ಲಿ ಹೆಸರೇ ಇಲ್ಲದ ಗುತ್ತಿಗೆ ಕಾರ್ಮಿಕ ಯಾರ ಜತೆ ಮಾತಾಡಬೇಕಿತ್ತು?

ಶುಲ್ಕದ ಜಗಳವಂತೂ ಇನ್ನೂ ದೀರ್ಘ. 2021ರ ಜನವರಿ 29ರಂದು ರಾಜ್ಯ ಸರ್ಕಾರ, ಖಾಸಗಿ ಶಾಲೆಗಳು ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ಪಡೆಯಬೇಕು ಎಂದಿತು. ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಮೇ 3ರಂದು ಸುಪ್ರೀಂ ಕೋರ್ಟ್, ಶೇ 15ರ ರಿಯಾಯಿತಿ ಸಾಕು ಎಂದಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದೇ ಲೆಕ್ಕವನ್ನು ಇಲ್ಲಿಗೂ ಅನ್ವಯಿಸಿತು. ಯಾವ ವರ್ಷದ ಶುಲ್ಕಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಶೈಕ್ಷಣಿಕ ವರ್ಷ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಪೋಷಕರು ಶುಲ್ಕ ತಡೆಹಿಡಿದರು, ಎಷ್ಟೋ ಆಡಳಿತ ಮಂಡಳಿಗಳು ಸಂಬಳ ಕಡಿತ ಮಾಡಿದವು, ನಡುವೆ ಸಿಕ್ಕವರು ಶಿಕ್ಷಕರು. ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5 ಸಾವಿರ ರೂಪಾಯಿ ಪರಿಹಾರ ಘೋಷಣೆಯಾಗಿದ್ದು 2021ರ ಜೂನ್‌ನಲ್ಲಿ, ಎರಡನೇ ಅಲೆಯೂ ಬಂದೆರಗಿದ ಮೇಲೆ.

ಈ ಗೊಂದಲದ ಬೇರು ಹಳೆಯದು. ಮುಂಬೈ ಪ್ಲೇಗಿನ ಕಾಲಕ್ಕೆ, 1897ರಲ್ಲಿ, ಬ್ರಿಟಿಷರು ಅವಸರದಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಸೆಕ್ಷನ್. ಸರ್ಕಾರ ಏನು ಬೇಕಾದರೂ ಆದೇಶಿಸಬಹುದು, ಮೀರಿದವರಿಗೆ ಶಿಕ್ಷೆ, ಅಧಿಕಾರಿಗೆ ರಕ್ಷಣೆ: ಅದರ ಸಾರಾಂಶ ಇಷ್ಟೇ. 2020ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತು. ಶಾಲೆ, ಕಚೇರಿ, ಕಾರ್ಖಾನೆಗಳನ್ನು ನಿರ್ಬಂಧಿಸುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿದೆ. ಮುಚ್ಚಿದ ಮೇಲಿನ ಸಂಬಳ, ಶುಲ್ಕಗಳ ಭಾರ ಯಾರದು ಎಂಬುದು ಮಾತ್ರ ಅಲ್ಲೂ ಇತ್ಯರ್ಥವಾಗಲಿಲ್ಲ.

ರೋಗ ಯಾವ ರೂಪದಲ್ಲಿ ಬರುತ್ತದೋ ಗೊತ್ತಿಲ್ಲದಿರುವಾಗ ನಿಯಮ ಮೊದಲೇ ಬರೆದಿಡುವುದು ಹೇಗೆ, ಸರ್ಕಾರದ ಕೈ ಕಟ್ಟಿದಂತಾಗುವುದಿಲ್ಲವೇ ಎಂದು ಅಧಿಕಾರಿಗಳು ಕೇಳುವುದುಂಟು. ಶಾಲೆ ಎಷ್ಟು ದಿನ ಮುಚ್ಚಬೇಕೆಂಬುದು ಆ ಹೊತ್ತಿನ ವೈದ್ಯರ ಮಾತಿಗೆ ಬಿಟ್ಟದ್ದು, ನಿಜ. ಆದರೆ ಮುಚ್ಚಿದ ಮೇಲೆ ಏಳುವ ಪ್ರಶ್ನೆಗಳು ರೋಗ ಯಾವುದಾದರೂ ಬದಲಾಗುವುದಿಲ್ಲ. ಕೆಲಸವಿಲ್ಲದ ದಿನದ ಕೂಲಿ ಎಷ್ಟು? ಬಳಸದ ಬಸ್ಸಿಗೆ, ಪ್ರಯೋಗಾಲಯಕ್ಕೆ ಪೋಷಕರು ಹಣ ಕಟ್ಟಬೇಕೇ? ಸೋಂಕು ತಗುಲಿದ ಮಗುವಿನ ಹೆಸರನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬಹುದೇ? ಲಸಿಕೆ ಒಲ್ಲದ ನೌಕರನನ್ನು ಗೇಟಿನಲ್ಲೇ ತಡೆಯಬಹುದೇ?

ಈ ಕೊನೆಯ ಪ್ರಶ್ನೆಯನ್ನೇ ನೋಡಿ. ಬೆಂಗಳೂರಿನಲ್ಲಿ ಓಮೈಕ್ರಾನ್ ಪತ್ತೆಯಾದ ಬೆನ್ನಿಗೆ, 2021ರ ಡಿಸೆಂಬರ್‌ನಲ್ಲಿ, ಶಾಲೆಗೆ ಹೋಗುವ ಮಕ್ಕಳ ತಂದೆ–ತಾಯಿ ಎರಡೂ ಡೋಸ್ ಹಾಕಿಸಿಕೊಂಡಿರಬೇಕೆಂದು ರಾಜ್ಯ ಹೇಳಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಮುದಾಯದ ಹಿತಕ್ಕಾಗಿ ಸಮಂಜಸ ನಿರ್ಬಂಧ ಹೇರಬಹುದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2022ರ ಮೇ 2ರಂದು. ಆ ಐದು ತಿಂಗಳು, ಪೋಷಕರ ಲಸಿಕೆ ವಿಚಾರ ಬಂದಾಗ ಶಾಲೆಗಳ ಕೈಯಲ್ಲಿದ್ದದ್ದು ಸರ್ಕಾರದ ಆ ಒಂದು ಸಾಲು ಮಾತ್ರ.

ಇಂಥ ಪ್ರಶ್ನೆಗಳಿಗೆ ಉತ್ತರ ಮೊದಲೇ ಬರೆದಿಡಲು ಈಗ ಇನ್ನೊಂದು ಕಾರಣ ಒದಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತಾ ಸಂಹಿತೆ, ಸಾಂಕ್ರಾಮಿಕದ ಕಾಲದಲ್ಲಿ ಕೆಲಸದ ಸ್ಥಳಗಳಿಗೆ ಒಂದು ವರ್ಷದವರೆಗೂ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಗಳಿಗೆ ನೀಡಿದೆ. 2020ರಲ್ಲಿ ಯಾವ ಸೆಕ್ಷನ್ ಸಾಲದಾಯಿತೋ ಅದರ ಜಾಗಕ್ಕೆ ಹೆಚ್ಚು ಉದ್ದ ಕೈಯ ಇನ್ನೊಂದು ಬಂದಿದೆ. ಅದನ್ನು ಬಳಸುವ ಮೊದಲು ಪಾಲಿಸಬೇಕಾದ ಷರತ್ತುಗಳನ್ನು ರಾಜ್ಯ ಈಗಲೇ ಪ್ರಕಟಿಸಬೇಕು. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂಬುದು ಅದರಲ್ಲಿ ಮೊದಲ ಸಾಲಾಗಿರಲಿ.

ಉಳಿದದ್ದಕ್ಕೂ ಅಡಿಪಾಯ ಇದೆ. ನೈಸರ್ಗಿಕ ವಿಕೋಪದಿಂದ ಕೆಲಸ ನಿಂತರೆ ಅರ್ಧ ಸಂಬಳ ಎಂಬ ಲೇ–ಆಫ್ ನಿಯಮ ಕೈಗಾರಿಕಾ ವಿವಾದಗಳ ಕಾಯ್ದೆಯ ಕಾಲದಿಂದ ಬಂದದ್ದು. ಆ ಅರ್ಧವನ್ನು ಮಾಲೀಕ ಕೊಡಲಿ, ಇನ್ನೊಂದು ಪಾಲನ್ನು ಸರ್ಕಾರ ಹೊರಲಿ. ಶೇ 15ರ ಶುಲ್ಕ ರಿಯಾಯಿತಿಯನ್ನು ಸುಪ್ರೀಂ ಕೋರ್ಟ್ ಒಮ್ಮೆ ಒಪ್ಪಿರುವುದರಿಂದ, ಅದನ್ನೇ ಆರಂಭದ ಅಂಕಿಯಾಗಿ ಇಟ್ಟುಕೊಳ್ಳಬಹುದು. ಪ್ರತಿ ತುರ್ತು ಆದೇಶದ ಮೇಲೂ ಅದು ತಾನಾಗಿ ಮುಗಿಯುವ ದಿನಾಂಕ ನಮೂದಾಗಿರಬೇಕು. ಆರೋಗ್ಯ, ಶಿಕ್ಷಣ, ಕಾರ್ಮಿಕ ಈ ಮೂರು ಇಲಾಖೆಗಳು ಒಟ್ಟಿಗೆ ಕೂತು ಇದನ್ನು ಸರಳ ಕನ್ನಡದಲ್ಲಿ ಬರೆದು, ಶಾಲೆ ತೆರೆಯುವ ಮುನ್ನ ಹೊರಡುವ ವಾರ್ಷಿಕ ಸುತ್ತೋಲೆಯ ಜತೆಗೇ ಕಳುಹಿಸಬಹುದು. ಕಾರ್ಖಾನೆಗಳ ಸೂಚನಾ ಫಲಕಕ್ಕೆ ಹಚ್ಚಲು ಒಂದು ಪ್ರತಿ ಕಾರ್ಮಿಕ ನಿರೀಕ್ಷಕರ ಕೈಗೂ ಹೋಗಲಿ.