ಫ್ಯಾನಿಗೆ ತಡವಾಗಿ ಬಂದ ನಕ್ಷತ್ರ

ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟಿದಾಗ ತಾಜಸುಲ್ತಾನಪುರದ ಸಾಮಾನ್ಯ ಕುಟುಂಬಕ್ಕೆ ಫ್ಯಾನು ಐಷಾರಾಮವಲ್ಲ, ಅಗತ್ಯ. ಆದರೆ ವಿದ್ಯುತ್ ದಕ್ಷತೆಯ ನಕ್ಷತ್ರ ಚಿಹ್ನೆಯು ಉಳ್ಳವರ ಏಸಿಗೆ 2010ರಲ್ಲೇ ಕಡ್ಡಾಯವಾಯಿತು. ಬಡವರ ಸೀಲಿಂಗ್ ಫ್ಯಾನಿಗೆ ಕಡ್ಡಾಯವಾದದ್ದು 2023ರ ಜನವರಿಯಲ್ಲಿ. ಈ 13 ವರ್ಷಗಳ ವಿಳಂಬಕ್ಕೆ ಬೆಲೆ ತೆತ್ತವರು ಯಾರು?

ಹಳೆಯ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ, ಬಿಎಲ್‌ಡಿಸಿ ಮೋಟಾರಿನದ್ದಕ್ಕೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗುವ ಮೂರು ಫ್ಯಾನುಗಳಿಂದ ತಿಂಗಳಿಗೆ 48 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ ಕಟ್ಟಬೇಕು. ಹಾಗಿರುವಾಗ ಈ ಉಳಿತಾಯ ಅಲ್ಪವೇ?

ದಕ್ಷ ಫ್ಯಾನು ದುಬಾರಿಯಾದ್ದರಿಂದ ಬಡವರು ಅಗ್ಗದ್ದನ್ನೇ ಕೊಳ್ಳುತ್ತಾರೆ, ಅಧಿಕ ವಿದ್ಯುತ್ತನ್ನು ವರ್ಷಗಟ್ಟಲೆ ವ್ಯಯಿಸುತ್ತಾರೆ. ಮಾನದಂಡ ನಿಗದಿಪಡಿಸಿದ ಮಾತ್ರಕ್ಕೆ ಸರಕಾರದ ಹೊಣೆ ಮುಗಿಯುವುದಿಲ್ಲ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯು ಎಲ್‌ಇಡಿ ಬಲ್ಬನ್ನು ಮನೆಮನೆಗೆ ತಲುಪಿಸಿತು. ಜೆಸ್ಕಾಂ ಕೂಡ ದಕ್ಷ ಫ್ಯಾನುಗಳನ್ನು ಕಂತಿನಲ್ಲಿ ಒದಗಿಸಲಿ. ಉಚಿತ ವಿದ್ಯುತ್ತಿನ ಹೊರೆ ಹೊತ್ತ ಸರಕಾರಕ್ಕೂ ಅದರಿಂದ ಲಾಭವೇ.

ನಾವೂ ಸುಮ್ಮನಿರಲಾಗದು. ಹೊಸ ಫ್ಯಾನು ಕೊಳ್ಳುವಾಗ ಬೆಲೆಯ ಜೊತೆಗೆ ನಕ್ಷತ್ರವನ್ನೂ ನೋಡೋಣ. ಮಸೀದಿ, ಮದ್ರಸಗಳ ಸಮಿತಿಗಳು ಇದರಲ್ಲಿ ಮೇಲ್ಪಂಕ್ತಿ ಹಾಕಲಿ. ದುಂದುವೆಚ್ಚವನ್ನು ವೇದಿಕೆಯಲ್ಲಿ ಖಂಡಿಸಿದರೆ ಸಾಲದು, ಮೀಟರಿನಲ್ಲೂ ಅದು ಕಾಣಬೇಕು.